ಎಲ್ ಬೋರ್ಡ್ ಕಾರಿನ ಹಿಂದಿನ ಸೀಟು

ಮಾರ್ಚ್ ೩, ಮಂಗಳವಾರ

ಮೈ ಡಿಯರ್ ಮಗಳೇ,

"ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದ್ರೆ ಅದರಲ್ಲಿ ಕುಡಿತ ಎಲ್ಲಿದೆ ಅಂತ ಹುಡುಕ್ತಾ ಕೂತಿರ್ತೀನಿ, ಮಾತೇ ಕಿವಿಗೆ ಬೀಳಲ್ಲ. ಬರೀರಿ, ಅಕ್ಷರ ನೋಡಿದ್ರೆ ಗೊತ್ತಾಗುತ್ತೆ" ಎಂದು ಅಮ್ಮನ ವರ್ಷದ ತಿಥಿಯ ದಿನ ನೀನು ಹೇಳಿ ಹೋದೆಯಲ್ಲ, ಅದರ ಪ್ರಕಾರ ಬರೆಯುತ್ತಿದ್ದೇನೆ. ನೋಡಿಕೋ. ಗೆರೆ ಇಲ್ಲದ ಹಾಳೆ, ಸಾಲು ನೆಟ್ಟಗಿದೆ. ಮೂವತ್ತೊಂದು ವರ್ಷ ಒಳಚರಂಡಿ ಕಚೇರಿಯಲ್ಲಿ ನಕ್ಷೆ ಬರೆದ ಡ್ರಾಫ್ಟ್ಸ್‌ಮನ್ನನ ಕೈ ಇದು. ಇವತ್ತಿಗೆ ಏಳು ತಿಂಗಳು ಹತ್ತೊಂಬತ್ತು ದಿನ ಆಯಿತು. ಒಂದು ತೊಟ್ಟೂ ಇಲ್ಲ. ನಾಟ್ ಎ ಸಿಂಗಲ್ ಡ್ರಾಪ್.

ಹೇಗೆ ಬಿಟ್ಟೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ಮಾತು ಎಲ್ಲೆಲ್ಲಿಗೋ ಹೋದರೆ ಹೊಟ್ಟೆಗೆ ಹಾಕಿಕೋ, ಮನೆಯಲ್ಲಿ ಗೋಡೆ ಬಿಟ್ಟರೆ ಬೇರೆ ಆಡಿಯೆನ್ಸ್ ಇಲ್ಲ.

ಹೋದ ಜುಲೈಯಲ್ಲಿ ಒಂದು ಸಂಜೆ ಮೂಲೆಯ ಬಾರಿನಿಂದ ಹೊರಗೆ ಬಂದವನು ನಿಲ್ಲಲಾರದೆ ಅಲ್ಲಿ ನಿಂತಿದ್ದ ಒಂದು ಕಾರಿಗೆ ಒರಗಿಕೊಂಡೆ. ಡ್ರೈವಿಂಗ್ ಕಲಿಸುವ ಕಾರು, ತಲೆಯ ಮೇಲೆ ಎಲ್ ಬೋರ್ಡು. ಕಲಿಸುವವರು ಇಳಿದು ಬಂದರು. ಬೈಯುತ್ತಾರೆ ಅಂದುಕೊಂಡೆ. "ಸಾರ್, ಈ ಕಾರಿಗೆ ಎರಡು ಬ್ರೇಕ್ ಇದೆ. ಒಂದು ಕಲಿಯೋರ ಕಾಲ ಹತ್ರ, ಒಂದು ನನ್ನ ಕಾಲ ಹತ್ರ. ನಿಮ್ಮಲ್ಲಿ ಒಂದೂ ಇದ್ದಂಗಿಲ್ಲ. ಹತ್ತಿ" ಅಂದರು. ಹತ್ತಿದೆ. ಹಿಂದಿನ ಸೀಟು. ಅವರೇ ನಮ್ಮ ಮೇಷ್ಟ್ರು. ಹನ್ನೆರಡು ವರ್ಷದ ಹಿಂದೆ ಅವರೂ ನನ್ನ ಹಾಗೆಯೇ ಇದ್ದವರಂತೆ.

ಸಂಜೆ ಆರರಿಂದ ಏಳು ನನ್ನ ಕುಡಿತದ ಹೊತ್ತು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ಒಂದು ಗಂಟೆ ದಿನವೂ ಆ ಹಿಂದಿನ ಸೀಟಿನಲ್ಲಿ ಕೂರಬೇಕು ಎಂದು ಮೇಷ್ಟ್ರು ಕಟ್ಟು ಹಾಕಿದರು. ಮುಂದೆ ಯಾರೋ ಬ್ಯಾಂಕಿನ ಮೇಡಮ್ಮು, ಯಾರೋ ಔಷಧದ ಅಂಗಡಿಯ ಸೇಲ್ಸ್‌ಮನ್ನು, ಸ್ಟೀರಿಂಗ್ ಹಿಡಿದು ನಡುಗುತ್ತಿರುತ್ತಾರೆ. ಎದುರಿಗೆ ಬಸ್ಸು ಬರುತ್ತದೆ. ನಾನು ಕಣ್ಣು ಮುಚ್ಚುತ್ತೇನೆ. ಪ್ರಾಣ ಬಾಯಿಗೆ ಬಂದಿರುವಾಗ ಬಾಟಲಿ ನೆನಪಾಗುವುದಿಲ್ಲ ಮಗಳೇ, ಇದು ನನ್ನ ಸ್ವಂತ ಅನುಭವ. ಏಳು ಗಂಟೆಗೆ ಇಳಿದರೆ, ಮಂಗಳವಾರ ಶುಕ್ರವಾರ ಕುಡಿತ ಬಿಟ್ಟವರ ಮೀಟಿಂಗು. ಗ್ರಂಥಾಲಯದ ಹಿಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿ, ಹಬೆಯಾಡುವ ಚಹಾ. ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಹೆಸರು ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನನ್ನನ್ನು ಅಲ್ಲಿ ನಕ್ಷೆ ಎಂದು ಕರೆಯುತ್ತಾರೆ.

ಎಲ್ಲ ಸರಿಯಾಗಿತ್ತು. ಈಗ ಎರಡು ವಾರದಿಂದ ಒಬ್ಬ ಬಂದಿದ್ದಾನೆ. ಲಿಫ್ಟ್ ರಿಪೇರಿ ಮಾಡುವವನು. ಎಲ್ಲರೂ ಲಿಫ್ಟು ಅನ್ನುತ್ತಾರೆ. ಮೂವತ್ತೆಂಟು ವಯಸ್ಸು, ಗುಂಗುರು ಕೂದಲು, ಕೂತಲ್ಲಿ ಕೂರುವುದಿಲ್ಲ. ಮೊದಲ ದಿನವೇ ಕಥೆ ಹೇಳಿದ. ಅವರದೇ ಕಟ್ಟಡದ ಲಿಫ್ಟು ಕೆಟ್ಟು, ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಇವನ ತಾಯಿಯೇ ಮೂರು ಗಂಟೆ ಸಿಕ್ಕಿಹಾಕಿಕೊಂಡಿದ್ದಳಂತೆ. ಇವನು ಮೇಲಿನ ಮೆಷೀನ್ ರೂಮಿನಲ್ಲಿ ಕುಡಿದು ಬಿದ್ದಿದ್ದನಂತೆ. ಆಕೆ ಇವನ ಹೆಸರು ಹಿಡಿದು ಕೂಗುತ್ತಿದ್ದದ್ದು ಕನಸಿನಲ್ಲಿ ಅಂದುಕೊಂಡನಂತೆ. ಇಡೀ ಕೋಣೆ ಗೊಳೋ ಎಂದಿತು. ಮೇಷ್ಟ್ರೂ ಕನ್ನಡಕ ಒರೆಸಿದರು. ನನ್ನ ಕಥೆಗೆ ಈ ಏಳು ತಿಂಗಳಲ್ಲಿ ಯಾರೂ ಅತ್ತಿಲ್ಲ. ಒಬ್ಬರು ಆಕಳಿಸಿದ್ದನ್ನು ನಾನೇ ನೋಡಿದ್ದೇನೆ.

ಇರಲಿ. ವಿಷಯಕ್ಕೆ ಬರುತ್ತೇನೆ. ಜುಲೈ ೧೨, ಭಾನುವಾರ, ನನ್ನದು ಒಂದು ವರ್ಷ ತುಂಬುತ್ತದೆ. ಅವತ್ತು ಸಂಜೆ ಐದಕ್ಕೆ ವಿಶೇಷ ಮೀಟಿಂಗು, ಮನೆಯವರೂ ಬರಬಹುದು. ಒಂದು ಹಿತ್ತಾಳೆಯ ಬಿಲ್ಲೆ ಕೊಡುತ್ತಾರೆ, ಅದನ್ನು ಮನೆಯವರೊಬ್ಬರ ಕೈಯಿಂದ ಕೊಡಿಸುವುದು ಅಲ್ಲಿಯ ಪದ್ಧತಿ. ನನ್ನ ಮನೆಯವರು ಅಂದರೆ ನೀನೊಬ್ಬಳೇ. ಬಾ. ಅಮ್ಮ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದಳೋ.

ಯುವರ್ಸ್ ಫೇತ್‌ಫುಲೀಯೋ ಸಿನ್ಸಿಯರ್ಲೀಯೋ, ಕಾಲೇಜಿನಲ್ಲೇ ನನಗೆ ಗೊತ್ತಿರಲಿಲ್ಲ,
ನಿನ್ನ ಅಪ್ಪ

*

ಮಾರ್ಚ್ ೧೧

ಅಪ್ಪಾ,

ಕಾಗದ ಬಂತು. ಅಕ್ಷರ ಚೆನ್ನಾಗಿದೆ. ಭೂತಗನ್ನಡಿ ಇಟ್ಟು ನೋಡಿದೆ. ಹಲ್ಲಿನ ಸೆಟ್ ಮಾಡುವವಳ ಮೇಜಿನ ಮೇಲೆ ಅದು ಸದಾ ಇರುತ್ತದೆ.

ನಿಮ್ಮ ಮೇಷ್ಟ್ರು ಒಂದೇ ಸಲ 'ಹತ್ತಿ' ಅಂದರು, ನೀವು ಹತ್ತಿದಿರಿ. ಅಮ್ಮ ಇಪ್ಪತ್ತೈದು ವರ್ಷ ಹೇಳಿದಳು. ಬೇಡಿಕೊಂಡು ಹೇಳಿದಳು, ಬಾಗಿಲು ಹಾಕಿ ಹೇಳಿದಳು, ನನ್ನನ್ನು ಮುಂದೆ ನಿಲ್ಲಿಸಿಕೊಂಡು ಹೇಳಿದಳು. ನಾನು ಎಂಟನೇ ವಯಸ್ಸಿಗೇ ಆ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದೆ. ಅವಳು ಹೋದ ಮೇಲೂ ಒಂದು ವರ್ಷ ಕುಡಿದಿರಿ. ಆಮೇಲೆ ಯಾರೋ ದಾರಿಯಲ್ಲಿ ಹೋಗುವವರು ಕಾರಿನ ಬಾಗಿಲು ತೆಗೆದರು, ನಿಮಗೆ ಬುದ್ಧಿ ಬಂತು.

ಅಮ್ಮ ಇದ್ದಿದ್ದರೆ ಖುಷಿಪಡುತ್ತಿರಲಿಲ್ಲ. 'ನನ್ನ ಮಾತು ಕೇಳದವರು ಅವರ ಮಾತು ಹೇಗೆ ಕೇಳಿದರು' ಎಂದು ಒಂದು ವಾರ ನಿಮ್ಮ ಹತ್ತಿರ ಮಾತು ಬಿಡುತ್ತಿದ್ದಳು.

ನನಗೂ ಅಷ್ಟೆ. ನೀವು ಬಿಟ್ಟಿದ್ದು ಒಳ್ಳೆಯದೇ. ಆದರೆ ಆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ, ಆ ಚಹಾದ ಮೇಲೆ, ನಿಮ್ಮ ಮೇಷ್ಟ್ರ ಮೇಲೆ ಹೊಟ್ಟೆ ಉರಿಯುತ್ತದೆ. ನಮ್ಮ ಮನೆಯಲ್ಲೂ ಕುರ್ಚಿ ಇದ್ದವು. ನಾನು ಬರುವುದಿಲ್ಲ. ಬಿಲ್ಲೆ ಅವರ ಕೈಯಲ್ಲೇ ತೆಗೆದುಕೊಳ್ಳಿ.

ನಿಮ್ಮ ಮಗಳು

*

ಮಾರ್ಚ್ ೩೦, ಸೋಮವಾರ

ಮೈ ಡಿಯರ್ ಮಗಳೇ,

ನಿನ್ನ ಕಾಗದ ರಿಸೀವ್ಡ್ ಅಂಡ್ ನೋಟೆಡ್. ಉತ್ತರ ಯೋಚಿಸುತ್ತಿದ್ದೇನೆ, ಸಿಕ್ಕಿಲ್ಲ. ಸಿಕ್ಕಿದಾಗ ಬರೆಯುತ್ತೇನೆ.

ಈ ಮಧ್ಯೆ ಇಲ್ಲಿ ಆದದ್ದು ಕೇಳು. ಹೋದ ಸೋಮವಾರ ಆರಕ್ಕೆ ಐದು ನಿಮಿಷ ಇರುವಾಗ ಎಂದಿನಂತೆ ಬಸ್ ನಿಲ್ದಾಣದ ಎದುರು ನಿಂತಿದ್ದೆ. ಕಾರು ಬಂತು. ಹಿಂದಿನ ಸೀಟಿನಲ್ಲಿ ಲಿಫ್ಟು! ನನ್ನ ಜಾಗದಲ್ಲಿ, ಎಡಗಡೆ, ಕಿಟಕಿಗೆ ಮೊಣಕೈ ಊರಿಕೊಂಡು. ಸರಿ, ಸೀಟು ಮೂರು ಜನರದು ತಾನೇ ಎಂದು ಬಾಗಿಲಿಗೆ ಕೈ ಹಾಕಿದೆ. ಮೇಷ್ಟ್ರು ಇಳಿದು ನನ್ನನ್ನು ಪಕ್ಕಕ್ಕೆ ಕರೆದರು. "ನಕ್ಷೆಯವರೇ, ನಿಮಗೆ ಈಗ ಆರು ಗಂಟೆ ಅಂದ್ರೆ ಬರೀ ಆರು ಗಂಟೆ. ಅವನಿಗೆ ಇನ್ನೂ ಹಾಗಲ್ಲ. ಸ್ವಲ್ಪ ದಿನ ಅವನೊಬ್ಬನೇ ಇರ್ಲಿ. ನೀವು ದೊಡ್ಡವರು, ಅರ್ಥ ಮಾಡ್ಕೋತೀರಿ."

ದೊಡ್ಡವರು! ಈ ಮಾತು ಹೇಳಿಯೇ ಜನ ಒಬ್ಬರ ಕೈಯಿಂದ ತಿಂಡಿ ಕಿತ್ತು ಇನ್ನೊಬ್ಬರಿಗೆ ಕೊಡುವುದು. ಅರ್ಥ ಮಾಡಿಕೊಂಡೆ. ಮಾರನೇ ದಿನವೂ ಹೋಗಿ ನಿಂತೆ, ಸುಮ್ಮನೆ, ವಾಕಿಂಗ್ ಎಂದು. ಕಾರು ಎಗರೆಗರಿ ಹೋಯಿತು. ಲಿಫ್ಟು ಒಳಗಿನಿಂದ ಕೈ ಬೀಸಿದ. ನಾನೂ ಬೀಸಿದೆ. ಮ್ಯಾನರ್ಸ್ ಬೇಕಲ್ಲ. ಒಳಗೆ ಮಾತ್ರ ಕೆಂಡ ನುಂಗಿದ ಹಾಗಿತ್ತು. ಅರವತ್ತೆರಡು ವಯಸ್ಸಿಗೆ ಕಾರಿನ ಸೀಟಿಗೆ ಹೊಟ್ಟೆಕಿಚ್ಚು ಪಡುವವನು ನಿನ್ನ ಅಪ್ಪ. ಕುಡಿತ ಬಿಟ್ಟ ಮೇಲೆ ಆ ಜಾಗಕ್ಕೆ ಏನಾದರೂ ಬಂದು ಕೂರುತ್ತದೆ ಎಂದು ಮೀಟಿಂಗಿನಲ್ಲಿ ಯಾರೋ ಹೇಳಿದ್ದರು, ಇದೇ ಇರಬೇಕು.

ಶುಕ್ರವಾರ ನನ್ನ ಸರದಿ ಬಂತು. ಎದ್ದು ನಿಂತೆ. ಹೇಳಬೇಕಾದದ್ದು ಬೇರೆ ಏನೋ ಇತ್ತು, ಎದುರಿಗೆ ಲಿಫ್ಟು ಕೂತಿದ್ದ, ಅವನ ಪಕ್ಕದಲ್ಲಿ ಮೇಷ್ಟ್ರು, ಅವನ ಕುರ್ಚಿಯ ಬೆನ್ನಿನ ಮೇಲೆ ಕೈ ಚಾಚಿಕೊಂಡು. ಬಾಯಿಯಿಂದ ಹೊರಟದ್ದು ಇದು: ಒಂದು ದಿನ ಕುಡಿದು ಬಂದಾಗ ಹೆಂಡತಿ ಹೊಲಿಯುತ್ತಿದ್ದಳು, ಬಾಗಿಲು ತೆಗೆಯುವುದು ತಡವಾಯಿತು ಎಂದು ಅವಳ ಹೊಲಿಗೆ ಮೆಷೀನನ್ನು ಎತ್ತಿ ಎರಡನೇ ಮಹಡಿಯಿಂದ ಬೀದಿಗೆ ಎಸೆದೆ. ಅವಳು ಕೆಳಗಿಳಿದು ಹೋಗಿ ತುಂಡುಗಳನ್ನು ಸೆರಗಿನಲ್ಲಿ ಆಯ್ದುಕೊಂಡು ಬಂದಳು.

ಮೀಟಿಂಗಿನಲ್ಲಿ ಚಹಾ ಮಾಡುವ ಗಾಜಿನಂಗಡಿಯ ಅಕ್ಕ ಬಿಕ್ಕಿಬಿಕ್ಕಿ ಅತ್ತಳು. ಲಿಫ್ಟು ಮುಖ ಮುಚ್ಚಿಕೊಂಡ. ಮುಗಿದ ಮೇಲೆ ಮೇಷ್ಟ್ರು ಬಂದು ನನ್ನ ಭುಜದ ಮೇಲೆ ಕೈ ಇಟ್ಟು, "ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಲ್ಲ ಸಾರ್" ಅಂದರು. ಗೇಟಿನವರೆಗೂ ಜೊತೆಗೆ ನಡೆದರು.

ಒಳ್ಳೆಯ ನಿದ್ದೆ ಬರಬೇಕಿತ್ತು. ಬರಲಿಲ್ಲ. ಯಾಕೆ ನಿನಗೆ ಬರೆಯುತ್ತಿದ್ದೇನೋ ತಿಳಿಯದು. ನಿನಗೆ ಇದು ತಮಾಷೆ ಅನಿಸಬಹುದು.

ನಿನ್ನ ಅಪ್ಪ

*

ಏಪ್ರಿಲ್ ೭

ಅಪ್ಪಾ,

ತಮಾಷೆ ಅನಿಸಲಿಲ್ಲ.

ನೀವು ಎಸೆದ ಹೊಲಿಗೆ ಮೆಷೀನು ನನ್ನ ಮನೆಯ ಕಿಟಕಿಯ ಕೆಳಗೆ ಇದೆ. ನೀವೇ ಹಗ್ಗ ಬಿಗಿದು ಟೆಂಪೋಗೆ ಹತ್ತಿಸಿ ಕಳಿಸಿದ್ದು. ನಿನ್ನೆ ಅದರಲ್ಲಿ ನಾಲ್ಕು ದಿಂಬಿನ ಚೀಲ ಹೊಲಿದೆ.

ಅಮ್ಮ ಯಾವತ್ತೂ ಬೀದಿಯಲ್ಲಿ ಬಗ್ಗಿ ಏನನ್ನೂ ಆಯ್ದವಳಲ್ಲ. ಆ ಗಾಜಿನಂಗಡಿಯವರು ಅತ್ತದ್ದು ಯಾವ ಹೆಂಗಸಿಗಾಗಿ? ನಮ್ಮ ಮನೆಯಲ್ಲಿ ಅಂಥವಳು ಯಾರೂ ಇರಲಿಲ್ಲ. ಯಾರದೋ ಪಕ್ಕದಲ್ಲಿ ಗೇಟಿನವರೆಗೆ ನಡೆಯಬೇಕು ಎಂದು ನೀವು ಅಮ್ಮನನ್ನು ಬೇರೆ ಯಾರನ್ನೋ ಮಾಡಿ ಅವರ ಮುಂದೆ ನಿಲ್ಲಿಸಿದಿರಿ.

ನಿಜವಾಗಿ ಇದ್ದ ಅಮ್ಮನ ಬಗ್ಗೆ ಅವರಿಗೆ ಹೇಳಿದ್ದೀರಾ? ನಿಮ್ಮ ನೌಕರಿಯ ಕೊನೆಯ ನಾಲ್ಕು ವರ್ಷ, ನಾನು ಹೈಸ್ಕೂಲು ಕಾಲೇಜಿನಲ್ಲಿದ್ದಾಗ, ಶನಿವಾರ ಕಚೇರಿಯಿಂದ ಸುರುಳಿ ಸುತ್ತಿ ತರುತ್ತಿದ್ದಿರಿ. ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಾಸಿ, ನಿಮ್ಮ ಪೆನ್ಸಿಲ್ ಗೆರೆಗಳ ಮೇಲೆ ಅಮ್ಮ ಮಸಿ ಎಳೆಯುತ್ತಿದ್ದಳು. ನಿಮ್ಮ ಕೈಗೆ ಆಗುತ್ತಿರಲಿಲ್ಲ. ಏಳನೇ ಕ್ಲಾಸು ಓದಿದವಳು. ಆ ನಾಲ್ಕು ವರ್ಷದ ಒಳಚರಂಡಿ ನಕ್ಷೆಗಳೆಲ್ಲ ಅವಳ ಕೈಯವು, ಕೆಳಗೆ ಸಹಿ ನಿಮ್ಮದು. ನೀವು ನಿವೃತ್ತಿ ತೆಗೆದುಕೊಂಡಾಗ ನಿಮ್ಮ 'ಅಚಲವಾದ ಕೈ' ಬಗ್ಗೆ ಭಾಷಣ ಮಾಡಿದರು. ಅಮ್ಮ ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಮಸಿಯ ಬಾಟಲಿ ಬಿದ್ದ ಭಾನುವಾರ ನಾನು ಬಾಗಿಲಲ್ಲಿ ನಿಂತಿದ್ದೆ. ಅದು ಹೇಗೆ ಬಿತ್ತು ಎಂದು ಇವತ್ತಿನವರೆಗೆ ನಿಮ್ಮನ್ನು ಕೇಳಿಲ್ಲ. ಈಗಲೂ ಕೇಳುತ್ತಿಲ್ಲ.

ಇಲ್ಲದ್ದನ್ನು ಎದ್ದು ನಿಂತು ಹೇಳಿದಿರಿ, ಇದ್ದದ್ದನ್ನು ಜೇಬಿನಲ್ಲಿ ಇಟ್ಟುಕೊಂಡಿರಿ.

ಮಗಳು

*

ಮೇ ೧೯

ಅಪ್ಪಾ,

ಆರು ವಾರ ಆಯಿತು. ನಾನು ಬರೆದದ್ದು ಹೆಚ್ಚಾಯಿತೇನೋ, ಗೊತ್ತಿಲ್ಲ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ದಿನವೂ ಅಂಚೆಯ ಡಬ್ಬಿಗೆ ಕೈ ಹಾಕುತ್ತಿದ್ದೇನೆ. ಮೊನ್ನೆ ಒಬ್ಬರ ಮೇಲ್ದವಡೆಯ ಸೆಟ್ಟನ್ನು ಮೂರು ಸಲ ಮಾಡಬೇಕಾಯಿತು.

ಮೂರು ಸಾಲು ಬರೆಯಿರಿ. ಅಕ್ಷರ ಹೇಗಿದ್ದರೂ ಸರಿ.

ಮಗಳು

*

ಮೇ ೨೬, ಮಂಗಳವಾರ

ಮಗಳೇ,

ಇವತ್ತು ಇಂಗ್ಲಿಷಿನಲ್ಲಿ ಶುರು ಮಾಡುವ ಧೈರ್ಯ ಇಲ್ಲ.

ಕುಡಿದಿಲ್ಲ. ಮೊದಲು ಇದನ್ನು ಓದಿಕೋ, ಉಳಿದದ್ದನ್ನು ಬೇಕಾದಾಗ ಓದು.

ನಿನ್ನ ಏಪ್ರಿಲ್ ಕಾಗದ ಬಂದ ಮೇಲೆ ಮೀಟಿಂಗಿಗೆ ಹೋಗಲಿಲ್ಲ. ಹೋದರೆ ಗಾಜಿನಂಗಡಿಯ ಅಕ್ಕ ನನ್ನನ್ನು ನೋಡಿದ ಕೂಡಲೇ ಚಹಾಕ್ಕೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕುತ್ತಾಳೆ, ಆ ಹೊಲಿಗೆ ಮೆಷೀನಿನ ಸಲುವಾಗಿ. ಆ ಚಹಾ ಕುಡಿಯುವ ಯೋಗ್ಯತೆ ನನಗಿರಲಿಲ್ಲ. ಮೇಷ್ಟ್ರು ಎರಡು ಸಲ ಮನೆಗೆ ಬಂದರು, ಜ್ವರ ಎಂದೆ. ಹೀಗೇ ಐದು ವಾರ. ಹೋದ ಬುಧವಾರ ಸಂಜೆ ಆರಕ್ಕೆ ಕಾಲು ತಾನಾಗಿಯೇ ಮೂಲೆಯ ಬಾರಿಗೆ ಹೋಯಿತು. ಕೂತೆ. ಹೇಳಿದೆ. ತಂದಿಟ್ಟರು. ಗ್ಲಾಸಿನ ಹೊರಗೆ ನೀರು ಹನಿಯುತ್ತಿತ್ತು, ಅದನ್ನೇ ನೋಡುತ್ತಾ ಕೂತೆ. ಆಮೇಲೆ ಗ್ಲಾಸು ಅಲ್ಲೇ ಬಿಟ್ಟು ಬಾಗಿಲಿಗೆ ಬಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಹೊಸಬರಿಗೆಲ್ಲ ನಂಬರುಗಳ ಒಂದು ಹಾಳೆ ಕೊಟ್ಟಿರುತ್ತಾರೆ, ಅವರದು ಮೊದಲನೆಯದು.

ಎತ್ತಿದವನು ಲಿಫ್ಟು! "ಅಂಕಲ್, ಮೇಷ್ಟ್ರು ಸರ್ಕಲ್ ಮಧ್ಯದಲ್ಲಿದಾರೆ, ಮೇಡಂ ಎರಡನೇ ಗೇರ್ ಹುಡುಕ್ತಾ ಇದಾರೆ. ಏನ್ ವಿಷ್ಯ?"

ನೋಡು, ಬಾರಿನ ಬಾಗಿಲಲ್ಲಿ ನಿಂತಿದ್ದೇನೆ, ಹತ್ತು ತಿಂಗಳು ಮಣ್ಣುಪಾಲಾಗಲು ಹತ್ತು ಹೆಜ್ಜೆ ಇದೆ, ಆಗಲೂ ನನಗೆ ಮೊದಲು ಅನಿಸಿದ್ದು ಏನು ಗೊತ್ತೇ? ಮೇಷ್ಟ್ರ ಫೋನು ಎತ್ತುವಷ್ಟು ಹತ್ತಿರವಾಗಿಬಿಟ್ಟನೇ ಇವನು, ಎಂದು. ಆದರೂ ಹೇಳಿದೆ. "ಬಾರ್ ಹತ್ರ ಇದೀನಪ್ಪ."

ಲಿಫ್ಟು ಆ ಕಡೆ ತಿರುಗಿ ಕೂಗಿದ. "ಮೇಷ್ಟ್ರೇ, ಗಾಡಿ ತಿರುಗ್ಸಿ" ಎಂದದ್ದು ಕೇಳಿಸಿತು. "ತಿರುಗ್ಸೋದು ಇನ್ನೂ ಹೇಳ್ಕೊಟ್ಟಿಲ್ವಲ್ಲ ನಂಗೆ!" ಎಂದು ಒಂದು ಹೆಣ್ಣು ದನಿ.

ಕಾರು ಬಂತು. ಬಾರಿನ ಬೋರ್ಡಿಗೆ ಒಂದು ಗೇಣು ದೂರದಲ್ಲಿ ನಿಂತಿತು. "ಇಲ್ಲಿ ನಿಲ್ಲಿಸ್ಲಾ, ಆ ಕಡೆ ನಿಲ್ಲಿಸ್ಲಾ?" ಎಂದು ಬ್ಯಾಂಕಿನ ಮೇಡಮ್ಮು ಕೇಳುತ್ತಿದ್ದರು. "ಎಲ್ಲಾದ್ರೂ ನಿಲ್ಸಮ್ಮ, ಒಟ್ನಲ್ಲಿ ನಿಲ್ಸು" ಎಂದು ಮೇಷ್ಟ್ರು ತಮ್ಮ ಬ್ರೇಕು ಒತ್ತಿ ಇಳಿದರು.

"ಕುಡಿದ್ರಾ?"

"ಇಲ್ಲ."

"ಆರ್ಡರ್ ಮಾಡಿದ್ರಾ?"

"ಮಾಡಿದೆ. ಮೇಜಿನ ಮೇಲಿದೆ."

"ಇರ್ಲಿ ಬಿಡಿ, ಅದೇನು ಬೇಜಾರು ಮಾಡ್ಕೊಳಲ್ಲ. ಹತ್ತಿ."

ಒಳಗೆ ಹೋಗಿ ಲೆಕ್ಕ ಮುಗಿಸಿ ಬಂದು ಹತ್ತಿದೆ. ಲಿಫ್ಟು ಸರಿದು ಜಾಗ ಕೊಟ್ಟ. ಕಾರು ಎಗರಿತು. ಹಳೆಯ ಜೈಲಿನ ರಸ್ತೆಯಲ್ಲಿ ಹೋಗುತ್ತಿರುವಾಗ ಹೇಳಿಬಿಟ್ಟೆ: ಹೊಲಿಗೆ ಮೆಷೀನು ಎಸೆದದ್ದು ಸುಳ್ಳು, ಅದು ಮಗಳ ಮನೆಯಲ್ಲಿ ಚೆನ್ನಾಗಿದೆ.

"ಅಯ್ಯೋ ಅಂಕಲ್! ಅದನ್ನ ನೆನೆಸ್ಕೊಂಡು ಎರಡು ದಿನ ನನಗೆ ಅನ್ನ ಸೇರ್ಲಿಲ್ಲ. ನಿಮ್ಮ ಕಥೆ ಮುಂದೆ ನನ್ನದೇನು ಮಹಾ ಅಂತ ಒಳಗೊಳಗೇ ಉರ್ಕೊಂಡಿದ್ದೆ!" ಎಂದ ಲಿಫ್ಟು.

"ಯಾವ ಮೆಷೀನು?" ಎಂದು ಮೇಡಮ್ಮು ಪೂರ್ತಿ ಹಿಂದಕ್ಕೆ ತಿರುಗಿದರು. "ಮುಂದೆ ನೋಡಮ್ಮಾ ತಾಯಿ!" ಎಂದು ಮೇಷ್ಟ್ರು ಕೂಗಿದರು. ಒಂದು ಬಸ್ಸು ನಮ್ಮನ್ನು ಬೈದುಕೊಂಡು ಹೋಯಿತು.

ಬಸ್ಸು ದಾಟಿದ ಮೇಲೆ ಮೇಷ್ಟ್ರು ಹೇಳಿದರು. "ನಮ್ಮಲ್ಲಿ ದೊಡ್ಡ ಪಾಪಕ್ಕೆ ಬಹುಮಾನ ಇಲ್ಲ ಸಾರ್. ಸುಳ್ಳು ಹೇಳಿ ಮನೆಗೆ ಹೋದವನು ಒಬ್ನೇ ಆಗ್ತಾನೆ. ಒಬ್ನೇ ಆದವನು ಎಲ್ಲಿಗೆ ಹೋಗ್ತಾನೆ ಅಂತ ಇವತ್ತು ನೋಡಿದ್ವಲ್ಲ. ನಿಜ ಯಾವುದು?"

ಹೇಳಲಿಲ್ಲ. ಅದನ್ನು ಕೇಳಬೇಕಾದವರು ಇನ್ನೊಬ್ಬರಿದ್ದಾರೆ, ಅವರಿಗೆ ಮೊದಲು ಹೇಳಿ ಬರುತ್ತೇನೆ ಅಂದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ಆಗಿನ್ನೂ ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಿರಲಿಲ್ಲ. ಸಂತೆ ಬೀದಿಯ ಚರಂಡಿಯ ನಕ್ಷೆ ದೊಡ್ಡ ಎಂಜಿನಿಯರ ಮೇಜಿಗೆ ಹೋಗಿತ್ತು. ನನ್ನನ್ನು ಕರೆಸಿದರು. "ಏನ್ರೀ ಇದು! ಈ ವಯಸ್ಸಲ್ಲಿ ಇಂಥ ಗೆರೆ! ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಕೊಂಡಿದ್ರಿ?" ಎಂದು ನಾಲ್ಕು ಜನರ ಮುಂದೆ ನನ್ನ ಕೈ ಕುಲುಕಿದರು. ಇಪ್ಪತ್ತೇಳು ವರ್ಷ ನನ್ನ ಕೈಯಾರೆ ಎಳೆದ ಗೆರೆಗೆ ಯಾರೂ ಹಾಗೆ ಹೇಳಿರಲಿಲ್ಲ. ಮನೆಗೆ ಬಂದು ನಿನ್ನ ಅಮ್ಮನಿಗೆ ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಇವತ್ತಿನವರೆಗೂ ಹೇಳಲಿಲ್ಲ, ಇನ್ನು ಹೇಳುವಂತಿಲ್ಲ.

ಮುಂದಿನ ಭಾನುವಾರ ಅವಳು ಪಂಪ್ ಹೌಸಿನ ಹಾಳೆ ಮುಗಿಸುತ್ತಿದ್ದಳು. ನಾಲ್ಕು ವಾರದ ಕೆಲಸ. ಬಗ್ಗಿ, ಉಸಿರು ಹಿಡಿದು, ತುಟಿಯ ತುದಿಯಲ್ಲಿ ನಾಲಿಗೆ ಒತ್ತಿಕೊಂಡು ಎಳೆಯುತ್ತಿದ್ದಳು. ಆ ಗೆರೆ ಎಲ್ಲೂ ದಪ್ಪವಾಗಲಿಲ್ಲ, ಎಲ್ಲೂ ತೆಳುವಾಗಲಿಲ್ಲ. ನೋಡಿದೆ. ಬಾಟಲಿ ಉರುಳಿಸಿದೆ.

"ಕೈ ನಡುಗಿತು" ಅಂದೆ. "ನಡುಗಿದ್ರೆ ಏನ್ಮಾಡಕ್ಕಾಗುತ್ತೆ, ಬಿಡಿ" ಅಂದಳು. ಹೊಸ ಹಾಳೆ ಹಾಸಿದಳು.

ಕೈ ನಡುಗಿರಲಿಲ್ಲ ಮಗಳೇ. ಆ ನಾಲ್ಕು ವರ್ಷದಲ್ಲಿ ಅದು ನಡುಗದೇ ಇದ್ದದ್ದು ಅದೊಂದೇ ಗಳಿಗೆ.

ಅಮ್ಮ ಹೇಳಿದಾಗ ಬಿಡದವನು ಮೇಷ್ಟ್ರು ಹೇಳಿದಾಗ ಯಾಕೆ ಬಿಟ್ಟೆ ಎಂದು ನೀನು ಕೇಳಿದ್ದಕ್ಕೂ ಇದೇ ಉತ್ತರ ಇರಬೇಕು. ಅವಳ ಮುಂದೆ ನಾನು ಯಾವಾಗಲೂ ಸೋತವನು. ಅವಳ ಒಳ್ಳೆಯತನ ನೋಡಿದಷ್ಟೂ ಕುಡಿಯಬೇಕು ಅನಿಸುತ್ತಿತ್ತು. ಆ ಕೋಣೆಯಲ್ಲಿ ನನಗಿಂತ ಒಳ್ಳೆಯವರು ಯಾರೂ ಇಲ್ಲ. ಎಲ್ಲರೂ ಬಾಟಲಿ ಉರುಳಿಸಿದವರೇ. ನಾನು ಬಾಯಿ ತೆಗೆಯುವ ಮುಂಚೆಯೇ ತಲೆ ಆಡಿಸುತ್ತಾರೆ. ಇದು ನ್ಯಾಯ ಅಲ್ಲ. ನ್ಯಾಯ ಎಂದು ನಾನು ಹೇಳುತ್ತಲೂ ಇಲ್ಲ.

ಅಪ್ಪ

*

ಜೂನ್ ೮

ಅಪ್ಪಾ,

ಬಾಟಲಿ ಉರುಳಿಸಿದ್ದು ನನಗೆ ಗೊತ್ತಿತ್ತು. ಎಂಜಿನಿಯರು ಹೇಳಿದ್ದು ಗೊತ್ತಿರಲಿಲ್ಲ.

ಆ ಮಾತನ್ನು ದಿಂಬಿನ ಚೀಲ ಹೊಲಿಯುತ್ತಾ ನಾಲ್ಕೈದು ಸಲ ಗಟ್ಟಿಯಾಗಿ ಹೇಳಿದೆ. 'ಏನ್ರೀ ಇದು, ಇಂಥ ಗೆರೆ.' ಕೇಳುವವರು ಯಾರೂ ಇರಲಿಲ್ಲ, ಆದರೂ ಹೇಳಿದೆ.

ಜುಲೈ ೧೨ಕ್ಕೆ ಬರುತ್ತೇನೆ. ಬಂದವರೆಲ್ಲ ಮಾತಾಡಬಹುದು ಎಂದಿದ್ದರೆ ನಾನೂ ಮಾತಾಡಬಹುದು, ಆಡದೆಯೂ ಇರಬಹುದು. ಏಳೂವರೆಯ ಬಸ್ಸಿಗೆ ವಾಪಸ್ಸು. ಯಾರೂ ನನ್ನ ಭುಜದ ಮೇಲೆ ಕೈ ಇಡಬಾರದು ಎಂದು ನಿಮ್ಮ ಮೇಷ್ಟ್ರಿಗೆ ಹೇಳಿಡಿ.

ನಿಮ್ಮ ಮಗಳು

*

ಜುಲೈ ೧೪, ಮಂಗಳವಾರ

ಮೈ ಡಿಯರ್ ಮಗಳೇ,

ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ. ಆದರೂ ನನ್ನ ಕುರ್ಚಿಯಿಂದ ಕಂಡದ್ದು ಬೇರೆ, ಅದನ್ನು ಬರೆಯುತ್ತೇನೆ. ಬಸ್ಸಿಗೆ ಹೊತ್ತಾಯಿತು ಎಂದು ನೀನು ಓಡಿದೆ, ಒಂದು ಮಾತಿಗೂ ನಿಲ್ಲಲಿಲ್ಲ.

ಮೆಷೀನು ಸುಳ್ಳು ಎಂದಾಗ ಅರ್ಧ ಜನ ನಕ್ಕರು. ಗಾಜಿನಂಗಡಿಯ ಅಕ್ಕ ಮಾತ್ರ, "ನನ್ನ ಕಣ್ಣೀರು ವಾಪಸ್ ಕೊಡಿ! ಸಕ್ಕರೆನೂ ವಾಪಸ್ ಕೊಡಿ!" ಎಂದಳು. ತಮಾಷೆಗಲ್ಲ, ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಇನ್ನೂ ಇದೆ. ಆಮೇಲೆ ಮಸಿಯದು ಹೇಳಿದೆ. ಯಾರೂ ಅಳಲಿಲ್ಲ, ಗಮನಿಸಿದೆಯಾ? ಒಬ್ಬೊಬ್ಬರೂ ತಮ್ಮ ತಮ್ಮ ಕೈ ನೋಡಿಕೊಳ್ಳುತ್ತಾ ಕೂತರು. ಸಾಕು ಅನಿಸಿತು. ಕೂತೆ.

ಆಗ ನೀನು ಎದ್ದೆ.

"ಭಾನುವಾರ ಆ ಮೇಜಿನ ಹತ್ರ ನನ್ನನ್ನ ಬಿಡ್ತಿರಲಿಲ್ಲ, ಅಲ್ಲಾಡುತ್ತೆ ಅಂತ" ಅಂದೆ. "ಅಮ್ಮ ಗೆರೆ ಎಳೀತಿದ್ಲು, ಅಪ್ಪ ಸ್ಕೇಲ್ ಒತ್ತಿ ಹಿಡ್ಕೊಂಡಿರ್ತಿದ್ರು. ಅವರಿಬ್ರೂ ಪಕ್ಕಪಕ್ಕ ಕೂತಿದ್ದು ನಾನು ನೋಡಿದ್ದು ಅದೊಂದೇ. ಅಮ್ಮ ನಗ್ತಿದ್ಲು. ವಾರದಲ್ಲಿ ಆ ನಾಲ್ಕು ಗಂಟೆ ಮಾತ್ರ. ನಾನು ಬಾಗಿಲಲ್ಲಿ ನಿಂತು ಹೊಟ್ಟೆಕಿಚ್ಚು ಪಡ್ತಿದ್ದೆ. ಅಪ್ಪ ಕುಡಿತ ಬಿಟ್ರೆ ಕೈ ಸರಿಹೋಗುತ್ತೆ, ಕೈ ಸರಿಹೋದ್ರೆ ಅಮ್ಮ ಬೇಕಾಗಲ್ಲ, ಭಾನುವಾರ ಇರಲ್ಲ. ಅದಕ್ಕೇ, ಅಪ್ಪನ ಕೈ ಹೀಗೇ ನಡುಗ್ತಾ ಇರ್ಲಿ ಅಂತ ಬೇಡ್ಕೊಂಡಿದ್ದೆ. ನಾಲ್ಕು ವರ್ಷ. ಇದನ್ನ ಅಮ್ಮನಿಗೂ ಹೇಳಿಲ್ಲ."

ಇಡೀ ಕೋಣೆ ಅತ್ತಿತು. ಲಿಫ್ಟು ಎದ್ದು ಹೊರಗೆ ಹೋದ. ಬಿಲ್ಲೆಯನ್ನು ಎಲ್ಲರ ಕೈಗೂ ದಾಟಿಸಿದರು, ಅದು ಕೊನೆಗೆ ನಿನ್ನ ಕೈಗೆ ಬಂತು, ನೀನು ನನ್ನ ಮುಖ ನೋಡದೆ ಅಂಗೈಯಲ್ಲಿ ಇಟ್ಟೆ. ಬಿಸಿಯಾಗಿತ್ತು, ಮೂವತ್ತು ಜನ ಹಿಡಿದಿದ್ದರಲ್ಲ.

ಈಗ ನಿಜ ಹೇಳಬೇಕು. ನೀನು ಮಾತಾಡುವಾಗ ನನಗೆ ದುಃಖ ಆಮೇಲೆ ಬಂತು. ಮೊದಲು ಬಂದದ್ದು ಹಳೆಯ ಕೆಂಡವೇ. ಈ ಮಾತನ್ನು ಇವಳು ನನಗೆ ಹೇಳಲಿಲ್ಲವಲ್ಲ! ಗಾಜಿನಂಗಡಿಯ ಅಕ್ಕನಿಗೂ ಲಿಫ್ಟಿಗೂ ಸಿಕ್ಕಿದ ಹೊತ್ತಿಗೇ ನನಗೂ ಸಿಕ್ಕಿತಲ್ಲ, ಎಲ್ಲರ ಜೊತೆ ಸಾಲಿನಲ್ಲಿ ಕೂತು! ಹದಿನೈದು ವಯಸ್ಸಿನಿಂದ ನನ್ನ ಮಗಳು ಹೊತ್ತುಕೊಂಡಿದ್ದನ್ನು ಪ್ಲಾಸ್ಟಿಕ್ ಕುರ್ಚಿಗಳ ಮುಂದೆ ಇಳಿಸಿದಳು, ನನ್ನ ಮುಂದೆ ಅಲ್ಲ. ಆಗ ನಿನ್ನ ಮಾರ್ಚಿನ ಕಾಗದ ಅರ್ಥವಾಯಿತು. ಮೂರು ಸಲ ಓದಿದ್ದೆ, ಆಗಿರಲಿಲ್ಲ.

ವಿತ್ ಲವ್, ಇದು ಮಾತ್ರ ಸರಿಯಾಗಿ ನೆನಪಿದೆ,
ಅಪ್ಪ

*

ಆಗಸ್ಟ್ ೨೨

ಅಪ್ಪಾ,

ತಡವಾಯಿತು, ಲ್ಯಾಬಿನಲ್ಲಿ ಕೆಲಸ ಜಾಸ್ತಿ.

ಇಲ್ಲೊಂದು ಮೀಟಿಂಗ್ ಇದೆ, ಕುಡಿಯುವವರದಲ್ಲ, ಅವರ ಮನೆಯವರದು. ಬುಧವಾರ ಸಂಜೆ, ಏಳೇ ಜನ. ಐದು ಸಲ ಹೋದೆ. ಶಾಲೆಯ ಬಸ್ಸು ಓಡಿಸುವ ಒಬ್ಬ ಅಕ್ಕ ಇದ್ದಾರೆ, ಗಂಡ ಕುಡಿಯುತ್ತಾನೆ, ಇನ್ನೂ ಬಿಟ್ಟಿಲ್ಲ. ಮುಗಿದ ಮೇಲೆ ಅವರೂ ನಾನೂ ಖಾಲಿ ಬಸ್ಸಿನಲ್ಲಿ ಕೂತು ಮಾತಾಡುತ್ತೇವೆ. ಅವರಿಗೆ ಎಲ್ಲವನ್ನೂ ಹೇಳುತ್ತೇನೆ. ಅಮ್ಮನ ಕೊನೆಯ ವಾರದ್ದೂ.

ಅದನ್ನು ನಿಮಗೆ ಹೇಳುವುದಿಲ್ಲ. ಈಗಲ್ಲ. ಕೇಳಬೇಡಿ.

ಹೊಟ್ಟೆಕಿಚ್ಚಾಗುತ್ತದೆ ಎಂದು ಗೊತ್ತು. ಆಗಲಿ.

ನಿಮ್ಮ ಮಗಳು

*

ಸೆಪ್ಟೆಂಬರ್ ೧, ಮಂಗಳವಾರ

ಮೈ ಡಿಯರ್ ಮಗಳೇ,

ಆಯಿತು. ಚೆನ್ನಾಗಿ ಆಯಿತು. ಎರಡು ದಿನ ಆ ಬಸ್ಸಿನ ಅಕ್ಕನನ್ನು ಮನಸ್ಸಿನಲ್ಲೇ ಬೈದೆ, ಮೂರನೇ ದಿನ ಆಕೆಯ ಗಂಡನಿಗೆ ಒಳ್ಳೆಯದಾಗಲಿ ಅಂದುಕೊಂಡೆ. ನಾಲ್ಕನೇ ದಿನ ಮತ್ತೆ ಬೈದೆ. ಮೇಷ್ಟ್ರಿಗೆ ಹೇಳಿದರೆ, "ಕೇಳ್ದೇ ಇರೋದೂ ಕುಡೀದೇ ಇರೋ ಥರಾನೇ ಸಾರ್, ಇವತ್ತು ಒಂದಿನ ಕೇಳ್ಬೇಡಿ" ಅಂದರು. ಲಿಫ್ಟು ಪಕ್ಕದಲ್ಲೇ ಇದ್ದ, ಹಲ್ಲು ಕಿರಿದ. ಅವನಿಗೂ ಆರು ತಿಂಗಳು ದಾಟಿತು. ಇವತ್ತು ಅವನ ತಾಯಿಯನ್ನು ಕರೆದುಕೊಂಡು ಬರುತ್ತಾನಂತೆ. ಮುಚ್ಚಿದ ಜಾಗ ಅಂದರೆ ಆಕೆಗೆ ಈಗ ಭಯ, ಬಾಗಿಲ ಹತ್ತಿರ ಕುರ್ಚಿ ಹಾಕಿಡುವ ಕೆಲಸ ನನಗೆ ವಹಿಸಿದ್ದಾರೆ, ಬೇಗ ಹೊರಡಬೇಕು.

ಮೇಷ್ಟ್ರು ಹೇಳಿದ ಹಾಗೆ, ಕೇಳುವುದಿಲ್ಲ. ಅಮ್ಮನ ಕೊನೆಯ ವಾರ ನಿನ್ನದು, ನಿನಗೆ ಬೇಕಾದವರಿಗೆ ಹೇಳು, ಬೇಕಾದ ಬಸ್ಸಿನಲ್ಲಿ ಕೂತು ಹೇಳು.

ಮಡಚುವ ಮುಂಚೆ ಈ ಕಾಗದವನ್ನು ಮತ್ತೆ ಓದಿದೆ, ಎಲ್ಲಾದರೂ ಬಾಯಿ ತಪ್ಪಿ ಕೇಳಿಬಿಟ್ಟಿದ್ದೇನೆಯೇ ಎಂದು. ಒಂದು ಕಡೆ ಕೇಳಿದ್ದೆ. ಮೇಲೆ ಆರನೇ ಸಾಲಿನಲ್ಲಿ ದಪ್ಪಗೆ ಮಸಿ ಬಳಿದಿರುವುದು ಅದೇ. ಬೆಳಕಿಗೆ ಹಿಡಿದು ಓದಬೇಡ. ಓದಿದರೂ ಉತ್ತರ ಬರೆಯಬೇಡ.

ನಿನ್ನ ಅಪ್ಪ